ಕ್ಲಿನಿಕ್ಕಿಗೆ ಏರ್ ಪಾಲಿಶಿಂಗ್ ಪುಡಿ ಆರಿಸುವ ಕ್ರಮ

ಹಲ್ಲಿನ ಕ್ಲೀನಿಂಗ್ ಮಾಡಿಸಿಕೊಂಡು ಹೋದವರು ವಾರದೊಳಗೆ ಮರಳಿ ಬಂದು ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮುಂದಿನ ಹಲ್ಲಿನ ಫಿಲ್ಲಿಂಗ್ ಮಂಕಾಗಿದೆ, ಬುಡಕ್ಕೆ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ಎರಡು ದಿನ ಒಸಡು ಉರಿಯಿತು. ಬೈಗುಳವೆಲ್ಲ ಏರ್ ಪಾಲಿಶಿಂಗ್ ಮೆಷಿನ್ನಿಗೆ, ಅಂದರೆ ಗಾಳಿ ಮತ್ತು ನೀರಿನ ಜೊತೆ ಪುಡಿ ಹೊಡೆದು ಹಲ್ಲು ಶುಚಿ ಮಾಡುವ ಮೆಷಿನ್ನಿಗೆ ಹೋಗುತ್ತದೆ. ಆದರೆ ಬಹಳಷ್ಟು ಸಲ ತಪ್ಪು ನಡೆದಿರುವುದು ಅದಕ್ಕೂ ಮೊದಲು, ಪುಡಿಯ ಡಬ್ಬಿ ಕೈಗೆತ್ತಿಕೊಂಡಾಗ. ಕಲೆ ಎಷ್ಟು ಗಾಢವಾಗಿದೆ ಎಂದು ನೋಡಿ ಪುಡಿ ಆರಿಸಿರುತ್ತಾರೆ. ನೋಡಬೇಕಾದದ್ದು ಪುಡಿ ತಾಗುವ ಜಾಗದಲ್ಲೆಲ್ಲ ಅತಿ ಮೆದುವಾದದ್ದು ಯಾವುದು ಎಂದು. ಅದು ತಡೆದುಕೊಳ್ಳುವ ಪುಡಿಯೇ ಆ ಬಾಯಿಗೆ ಸರಿಯಾದ ಪುಡಿ. ಕೆಳಗಿನ ಹಂತಗಳ ಕ್ರಮವೂ ಹಾಗೆಯೇ ಇದೆ. ಡಬ್ಬಿ ತೆರೆಯುವುದು ನಾಲ್ಕನೆಯ ಹಂತದಲ್ಲಿ, ಅದಕ್ಕೂ ಮೊದಲು ಅಲ್ಲ.

ಮೊದಲೇ ಕೈಗೆ ಸಿಗಬೇಕಾದವು

ಒಸಡಿನ ಸಂದಿನ ಆಳ ಅಳೆಯುವ ಪೀರಿಯಾಡಾಂಟಲ್ ಪ್ರೋಬ್, ಹಲ್ಲಿನ ಪಾಚಿಗೆ (ಪ್ಲಾಕ್) ಬಣ್ಣ ಹಿಡಿಸಿ ತೋರಿಸುವ ಡಿಸ್‌ಕ್ಲೋಸಿಂಗ್ ದ್ರಾವಣ, ಗಾಳಿ ಮತ್ತು ನೀರು ಊದುವ ಮೂರು ದಾರಿಯ ಸಿರಿಂಜ್, ಜೋರಾಗಿ ಹೀರುವ ಹೈ ವಾಲ್ಯೂಮ್ ಸಕ್ಷನ್, ತುಟಿ ಮತ್ತು ಕೆನ್ನೆ ಸರಿಸುವ ರಿಟ್ರಾಕ್ಟರ್, ವ್ಯಾಸಲೀನ್, ರೋಗಿಗೂ ನಿಮಗೂ ಕನ್ನಡಕ, ನಿಮಗೆ ಎನ್95 ಮಾಸ್ಕ್ ಮತ್ತು ಫೇಸ್ ಶೀಲ್ಡ್. ಎರಡು ಬಗೆಯ ಪುಡಿ ಬಳಸುವ ಕ್ಲಿನಿಕ್ಕಾದರೆ ಮೆಷಿನ್ನಿಗೆ ಪುಡಿ ತುಂಬುವ ಎರಡು ಚೇಂಬರ್ ಇರಲೇಬೇಕು. ಬರೀ ಲಾಲಾರಸ ಹೀರುವ ಸಣ್ಣ ಕೊಳವೆ ನಂಬಿ ಈ ಕೆಲಸಕ್ಕೆ ಕೈ ಹಾಕಬೇಡಿ. ಪುಡಿ ಗಂಟಲಿಗೆ ಇಳಿದು ರೋಗಿ ಕೆಮ್ಮುತ್ತಾರೆ, ಪುಡಿ ಚಿಮ್ಮುವ ನೋಝಲ್ ಅಲುಗಿ ಒಸಡಿಗೆ ತಾಗುತ್ತದೆ.

## ಹಂತ 1: ಹಲ್ಲಿನ ಮೇಲೆ ಇರುವುದೇನು ಎಂದು ಗುರುತಿಸಿ

ಒಣಗಿಸಿ ನೋಡಿ. ಒದ್ದೆ ಹಲ್ಲಿನ ಮೇಲೆ ಪಾಚಿ, ಗಾರೆ (ಪಾಚಿ ಗಟ್ಟಿಯಾಗಿ ಕಟ್ಟಿದ್ದು), ಕಲೆ ಮೂರೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ಗಾಳಿ ಊದಿದ ಮೇಲೆ ಪ್ರೋಬಿನ ತುದಿಯಿಂದ ಮೆಲ್ಲಗೆ ಎಳೆದರೆ ಪಾಚಿ ಬೆಣ್ಣೆಯಂತೆ ಅಂಟಿಕೊಂಡು ಬರುತ್ತದೆ, ಗಾರೆ ಗರಗರ ಎನ್ನುತ್ತದೆ, ಕಲೆ ನುಣ್ಣಗೆ ಜಾರುತ್ತದೆ.

ಗಟ್ಟಿಯಾದ ಗಾರೆ ಯಾವ ಪುಡಿಗೂ ಬಗ್ಗುವುದಿಲ್ಲ. ಅದಕ್ಕೆ ಕಂಪನದಿಂದ ಗಾರೆ ಒಡೆಯುವ ಅಲ್ಟ್ರಾಸಾನಿಕ್ ಸ್ಕೇಲರ್ರೇ ಬೇಕು. ಗಾರೆಯ ಮೇಲೆ ಪುಡಿ ಹೊಡೆಯುತ್ತ ಕೂತರೆ ಗಾರೆ ಹಾಗೇ ಉಳಿದು ಅಂಚಿನ ಒಸಡು ಸವೆಯುತ್ತದೆ. ಪಾಚಿ ಮತ್ತು ಹೊರಗಿನ ಕಲೆ ಪುಡಿಯ ಕೆಲಸ.

ಕಲೆ ಹೊರಗಿನದೋ ಒಳಗಿನದೋ ಎಂಬುದು ನಮ್ಮ ಕಡೆ ಬಹಳ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು, ಗದಗದ ಕಡೆ ಕೊಳವೆಬಾವಿ ನೀರು ಕುಡಿದು ಬೆಳೆದವರಲ್ಲಿ ಫ್ಲೋರೋಸಿಸ್ (ನೀರಿನ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕೆಡುವುದು) ಸಾಮಾನ್ಯ. ಆ ಕಂದು ಬಣ್ಣ ಹಲ್ಲಿನ ಹೊರಪದರವಾದ ಎನಾಮೆಲ್ಲಿನ ಒಳಗೇ ಕೂತಿರುತ್ತದೆ. ಬಾಯಿಯ ಎಡ ಬಲ ಎರಡೂ ಕಡೆ ಒಂದೇ ಜೋಡಿ ಹಲ್ಲುಗಳಲ್ಲಿ ಅಡ್ಡಪಟ್ಟಿಯಂತೆ ಕಂಡರೆ, ಒಣಗಿಸಿದಾಗ ಸುಣ್ಣ ಬಳಿದಂತೆ ಇನ್ನಷ್ಟು ಬೆಳ್ಳಗೆ ತೋರಿದರೆ ಅದು ಫ್ಲೋರೋಸಿಸ್. ಎಲೆಅಡಿಕೆ, ಗುಟ್ಕಾ, ಬೀಡಿ, ಕಾಫಿಯ ಕಲೆ ಹಾಗಲ್ಲ. ಅದು ಹಲ್ಲಿನ ಸಂದು, ನಾಲಿಗೆ ಕಡೆಯ ಮೈ ಮತ್ತು ಒಸಡಿನಂಚಿನಲ್ಲಿ ಮಡುಗಟ್ಟಿರುತ್ತದೆ. ಫ್ಲೋರೋಸಿಸ್ ಹಲ್ಲಿಗೆ ದಪ್ಪ ಪುಡಿ ಹೊಡೆದರೆ ಕಂದು ಹೋಗುವುದಿಲ್ಲ, ಮೊದಲೇ ಟೊಳ್ಳಾಗಿರುವ ಎನಾಮೆಲ್ ಉದುರುತ್ತದೆ. ಈ ಬಣ್ಣ ಕ್ಲೀನಿಂಗಿನಿಂದ ಹೋಗದು, ಚಿಕಿತ್ಸೆ ಬೇರೆ ಇದೆ ಎಂದು ರೋಗಿಗೆ ಮೊದಲೇ ಹೇಳಿಬಿಡಿ.

ಆಮೇಲೆ ಡಿಸ್‌ಕ್ಲೋಸಿಂಗ್ ದ್ರಾವಣ ಹಚ್ಚಿ ತೊಳೆಯಿರಿ. ಬಣ್ಣ ಎಲ್ಲಿ ಉಳಿಯಿತೋ ಅಲ್ಲಷ್ಟೇ ಪುಡಿ. ಈ ಒಂದು ಅಭ್ಯಾಸದಿಂದಲೇ ಹೊಡೆಯುವ ಸಮಯ ಎಷ್ಟೋ ಇಳಿಯುತ್ತದೆ. ಬಣ್ಣ ಹಚ್ಚದವರು ಪಾಚಿಯೇ ಇಲ್ಲದ ಹಲ್ಲಿಗೂ ಅಂದಾಜಿನಲ್ಲಿ ಹೊಡೆಯುತ್ತಾರೆ.

## ಹಂತ 2: ಆರೋಗ್ಯದ ಐದು ಪ್ರಶ್ನೆ

"ಬಿಪಿ, ಶುಗರ್ ಇದೆಯಾ?" ಎಂದಷ್ಟೇ ಕೇಳಿ ಮುಂದೆ ಹೋಗುವುದು ಇಲ್ಲಿ ಸಾಲದು.

ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದಾರೆಯೇ? ಬಿಪಿ, ಹೃದಯ ವೈಫಲ್ಯ, ಕಿಡ್ನಿ ತೊಂದರೆ, ಡಯಾಲಿಸಿಸ್ ಇರುವವರಿಗೆ ಸೋಡಿಯಂ ಬೈಕಾರ್ಬನೇಟ್ ಬೇಡ. ಆ ಪುಡಿಯ ತೂಕದಲ್ಲಿ ಸುಮಾರು 27 ಶೇಕಡಾ ಸೋಡಿಯಂ. ಹೆಚ್ಚಿನದು ಸಕ್ಷನ್ನಿಗೆ ಹೋಗುತ್ತದೆ ನಿಜ, ಆದರೆ ಬೇರೆ ಪುಡಿ ಇರುವಾಗ ಆ ಅಪಾಯಕ್ಕೆ ಕಾರಣವೇ ಇಲ್ಲ. ದೀರ್ಘಕಾಲ ಸ್ಟಿರಾಯ್ಡ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರನ್ನೂ ಇದೇ ಸಾಲಿಗೆ ಸೇರಿಸಿ.

ಆಸ್ತಮಾ, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ನುಂಗಲು ಕಷ್ಟ ಇದೆಯೇ? ಇದ್ದರೆ ಪುಡಿ ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಗಾಳಿಯಲ್ಲಿ ತೇಲುವ ಕಣ ಎಲ್ಲವೂ ತೊಂದರೆಯೇ. ರಬ್ಬರ್ ಕಪ್ ಮತ್ತು ಪೇಸ್ಟ್ ಸಾಕು.

ಕೆಮ್ಮು, ಜ್ವರ, ಕ್ಷಯದ ಚಿಕಿತ್ಸೆ ನಡೆಯುತ್ತಿದೆಯೇ? ಮುಂದೂಡಿ.

ಮೌತ್‌ವಾಶ್ ಅಥವಾ ಆಸ್ಪತ್ರೆಯಲ್ಲಿ ಹಚ್ಚಿದ ಔಷಧದಿಂದ ಮೈ ತುರಿಸಿ ದದ್ದು ಎದ್ದಿತ್ತೇ? ಇದನ್ನು ಬಹುತೇಕ ಯಾರೂ ಕೇಳುವುದಿಲ್ಲ. ಇಎಂಎಸ್ ಕಂಪನಿಯ ಪ್ಲಸ್ ಎಂಬ ಎರಿಥ್ರಿಟಾಲ್ ಪುಡಿಯಲ್ಲಿ 0.3 ಶೇಕಡಾ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಇರುತ್ತದೆ. ಅದಕ್ಕೆ ಅಲರ್ಜಿ ಇದ್ದವರಲ್ಲಿ ಅದು ಜೀವಕ್ಕೇ ಎರವಾಗಬಹುದು. "ಸಕ್ಕರೆಯ ಬಗೆಯ ಪುಡಿ, ಏನೂ ಆಗಲ್ಲ" ಎಂದು ನಂಬಿ ಕೂರಬೇಡಿ, ಡಬ್ಬಿಯ ಮೇಲಿನ ಪಟ್ಟಿ ಓದಿ.

ಇತ್ತೀಚೆಗೆ ಹಲ್ಲು ಕೀಳಿಸಿದ್ದಾರೆಯೇ, ಒಸಡಿನ ಆಪರೇಷನ್ ಆಗಿದೆಯೇ? ಆ ಗಾಯ ಮುಚ್ಚುವವರೆಗೆ ಅದರ ಹತ್ತಿರ ಗಾಳಿಯೊತ್ತಡದ ಯಾವ ಉಪಕರಣವೂ ಬೇಡ. ಕಾರಣ ಒಂಬತ್ತನೆಯ ಹಂತದಲ್ಲಿದೆ.

## ಹಂತ 3: ಮೇಲ್ಮೈಗಳ ನಕ್ಷೆ ಬರೆಯಿರಿ

ಕೇಸ್ ಶೀಟಿನ ಹಲ್ಲಿನ ಚಾರ್ಟ್ ಮೇಲೆ ಐದು ಗುರುತು ಹಾಕಿ: ಒಸಡು ಜಾರಿ ತೆರೆದ ಬೇರು, ಕಾಂಪೊಸಿಟ್ ಅಥವಾ ಗ್ಲಾಸ್ ಅಯೊನೊಮರ್ ಎಂಬ ಬಿಳಿ ಫಿಲ್ಲಿಂಗ್, ಕ್ಯಾಪ್ ಮತ್ತು ವೆನೀರಿನ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪದರ) ಅಂಚು, ಎಲುಬಿಗೆ ಕೂರಿಸಿದ ಇಂಪ್ಲಾಂಟ್, ಬಿಳಿ ಮಚ್ಚೆಯ ಇಲ್ಲವೇ ಫ್ಲೋರೋಸಿಸ್ ಎನಾಮೆಲ್. ಎರಡು ನಿಮಿಷದ ಕೆಲಸ ಇದು. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನೇ ಪಾಲಿಸಿ.

ಎನಾಮೆಲ್ಲಿನ ಗಡಸು 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಸುಮಾರು 5, ಅದರ ಒಳಗಿನ ಪದರ ಡೆಂಟಿನ್ ಮತ್ತು ಬೇರಿನ ಹೊದಿಕೆ ಸಿಮೆಂಟಮ್ ಅದರ ಅರ್ಧದ ಆಸುಪಾಸು. ಬೈಕಾರ್ಬನೇಟ್ ಸುಮಾರು 2.5. ಅಂದರೆ ಗಟ್ಟಿ ಎನಾಮೆಲ್ ಮೇಲೆ ತೊಂದರೆ ಕೊಡದ ಅದೇ ಪುಡಿ ಬೇರಿನ ಮೇಲೆ ಸರಿಸಮನಾಗಿ ನಿಂತು ಗುಳಿ ತೋಡುತ್ತದೆ. ರೋಗಿಗೆ ಜುಮ್ಮೆನ್ನುವುದು ಅಲ್ಲಿಂದಲೇ. ಕಾಂಪೊಸಿಟ್‌ನಲ್ಲಿ ರಾಳ ಸವೆದು ಅದರೊಳಗಿನ ಗಾಜಿನ ಕಣಗಳು ಹೊರಗೆ ನಿಲ್ಲುತ್ತವೆ. ಮೈ ತರಿತರಿಯಾಗಿ ಮುಂದಿನ ವಾರವೇ ಕಾಫಿ ಬಣ್ಣ ಹಿಡಿಯುತ್ತದೆ. ಗ್ಲಾಸ್ ಅಯೊನೊಮರ್ ಇನ್ನೂ ಬೇಗ ಹೋಗುತ್ತದೆ. ಕ್ಯಾಪಿನ ಪಿಂಗಾಣಿಗಿಂತ ಅದರ ಅಂಚಿನ ಸಿಮೆಂಟೇ ಮೊದಲು ಕರಗುವುದು.

## ಹಂತ 4: ಈಗ ಪುಡಿ ಆರಿಸಿ

ಗಡಸುತನದ ಅಂಕಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಕಣದ ಗಾತ್ರ ಅದಕ್ಕಿಂತ ದೊಡ್ಡ ಮಾತು. 65 ಮೈಕ್ರಾನಿನ ಕಣ 14 ಮೈಕ್ರಾನಿನ ಕಣಕ್ಕಿಂತ ಅಡ್ಡಳತೆಯಲ್ಲಿ ನಾಲ್ಕೂವರೆ ಪಟ್ಟು ದೊಡ್ಡದು, ಆದರೆ ಘನ ಅಳತೆಯಲ್ಲಿ ಸುಮಾರು ನೂರು ಪಟ್ಟು. ಒಂದೇ ವೇಗದಲ್ಲಿ ಬಂದು ಬಡಿದರೂ ಪೆಟ್ಟು ಎಷ್ಟು ಬೇರೆ ಎಂದು ಲೆಕ್ಕ ಹಾಕಿ.

ಎರಿಥ್ರಿಟಾಲ್, ಸುಮಾರು 14 ಮೈಕ್ರಾನ್. ಬೇರು, ಫಿಲ್ಲಿಂಗ್ ಅಂಚು, ಇಂಪ್ಲಾಂಟ್, ಬ್ರೇಸಸ್, ಮಕ್ಕಳ ಹಾಲುಹಲ್ಲು, ಒಸಡಿನ ಒಳಗೆ, ಎಲ್ಲೆಡೆ ನಡೆಯುತ್ತದೆ. ಒಂದೇ ಪುಡಿ ಕೊಳ್ಳುವ ಶಕ್ತಿ ಇದ್ದರೆ ಇದನ್ನೇ ಕೊಳ್ಳಿ ಎನ್ನುತ್ತೇವೆ. ಕೊರತೆ ಒಂದೇ, ಹಳೆಯ ಗುಟ್ಕಾ ಕಲೆಯ ಮೇಲೆ ನಿಧಾನ. ಜೊತೆಗೆ ಕ್ಲೋರ್‌ಹೆಕ್ಸಿಡಿನ್ ವಿಷಯ ಮರೆಯಬೇಡಿ.

ಗ್ಲೈಸಿನ್, ಸುಮಾರು 25 ಮೈಕ್ರಾನ್. ಅಮೈನೋ ಆಮ್ಲ, ನೀರಿನಲ್ಲಿ ಕರಗುತ್ತದೆ. ಬಳಕೆಯ ಜಾಗಗಳು ಎರಿಥ್ರಿಟಾಲಿನವೇ. ಕ್ಲೋರ್‌ಹೆಕ್ಸಿಡಿನ್ ಒಗ್ಗದವರಿಗೆ ಮೊದಲ ಆಯ್ಕೆ.

ಟ್ರೆಹಲೋಸ್. ಸಕ್ಕರೆಯ ಬಗೆಯ ಈ ಪುಡಿ ಎರಡು ಗಾತ್ರದಲ್ಲಿ ಬರುತ್ತದೆ, ಗೊಂದಲ ಅಲ್ಲೇ. ಸುಮಾರು 30 ಮೈಕ್ರಾನಿನದು ಒಸಡಿನ ಒಳಗೂ ಸರಿ, 65 ಮೈಕ್ರಾನಿನದು ಒಸಡಿನ ಮೇಲೆ ಮಾತ್ರ. ಹೆಸರು ಒಂದೇ ಎಂದು ಡಬ್ಬಿ ಅದಲುಬದಲು ಮಾಡಬೇಡಿ.

ಸೋಡಿಯಂ ಬೈಕಾರ್ಬನೇಟ್, 40 ರಿಂದ 65 ಮೈಕ್ರಾನ್, ಅಗ್ಗದ ಬ್ರ್ಯಾಂಡಿನಲ್ಲಿ ಅದಕ್ಕೂ ದಪ್ಪ. ಗಟ್ಟಿಮುಟ್ಟಾದ ಎನಾಮೆಲ್ಲಿನ ಮೇಲೆ, ಒಸಡಿನಿಂದ ಮೇಲಕ್ಕೆ ಮಾತ್ರ. ಕಲೆಗೆ ವೇಗದ ಪುಡಿ. ಕೊಳ್ಳುವುದಾದರೆ 40 ಮೈಕ್ರಾನಿನದೇ ಇರಲಿ.

ಕ್ಯಾಲ್ಸಿಯಂ ಕಾರ್ಬನೇಟ್. ಕಣ ಗುಂಡಗಿರುವಂತೆ ತಯಾರಿಸಿದ್ದು, ಉಪ್ಪಿನ ರುಚಿ ಇಲ್ಲ, ಸೋಡಿಯಂ ಭಯವಿಲ್ಲ. ಆದರೆ ಗಡಸು 3, ನೀರಿನಲ್ಲಿ ಕರಗದು. ಎನಾಮೆಲ್ ಬಿಟ್ಟು ಬೇರೆಲ್ಲೂ ಬೇಡ.

ಅಲ್ಯುಮಿನಿಯಂ ಟ್ರೈಹೈಡ್ರಾಕ್ಸೈಡ್ ಮತ್ತು ಬಯೋಆಕ್ಟಿವ್ ಗಾಜಿನ ಪುಡಿ. ಮೊದಲನೆಯದು ಉಪ್ಪು ಬೇಡದವರಿಗೆ ಎಂದು ಬಂದಿತ್ತು. ಫಿಲ್ಲಿಂಗ್, ಕ್ಯಾಪ್, ಚಿನ್ನ ಯಾವುದರ ಮೇಲೂ ಹೊಡೆಯುವಂತಿಲ್ಲ. ಎರಡನೆಯದರ ಗಡಸು 6ರ ಹತ್ತಿರ, ಎನಾಮೆಲ್ಲಿಗಿಂತ ಹೆಚ್ಚು. ದಿನನಿತ್ಯದ ಕ್ಲೀನಿಂಗಿಗೆ ಎರಡೂ ಬೇಕಿಲ್ಲ.

ಗುಟ್ಕಾ ಕಲೆಯೂ ಇದೆ, ಬೇರೂ ತೆರೆದಿದೆ, ಆಗ ಏನು? ಎಲೆಅಡಿಕೆ ಹಾಕುವ ಹಿರಿಯರ ಬಾಯಿ ಹೆಚ್ಚಾಗಿ ಹೀಗೇ ಇರುತ್ತದೆ. ಮೊದಲು ಪಾಚಿ, ಕಲೆ ಇರುವಲ್ಲೆಲ್ಲ ಮೆದು ಪುಡಿ. ಆಮೇಲೆ ಸ್ಕೇಲರಿನಿಂದ ಗಾರೆ ಮತ್ತು ದಪ್ಪ ಕಲೆ. ಇಷ್ಟಾದರೂ ಉಳಿದ ಕಲೆ ಗಟ್ಟಿ ಎನಾಮೆಲ್ ಮೇಲಿದ್ದರೆ ಚೇಂಬರ್ ಬದಲಿಸಿ ಅಲ್ಲಿಗಷ್ಟೇ ಬೈಕಾರ್ಬನೇಟ್, ಅದೂ ಒಸಡಿನಿಂದ ದೂರ ಸರಿದು. ಬೈಕಾರ್ಬನೇಟಿನಿಂದ ಶುರು ಮಾಡಿ ಕೊನೆಗೆ ಮೆದು ಪುಡಿ ತರುವವರಿದ್ದಾರೆ. ಅಷ್ಟರಲ್ಲಿ ಬೇರು ಸವೆದಿರುತ್ತದೆ.

## ಹಂತ 5: ಡಬ್ಬಿಯ ಮೇಲಿನದನ್ನು ಓದಿ

ಪುಡಿಯ ಹೆಸರು, ಕಣದ ಸರಾಸರಿ ಗಾತ್ರ, ಒಸಡಿನ ಮೇಲೋ ಒಳಗೋ ಎಂಬ ಸೂಚನೆ, ಯಾವ ಮೆಷಿನ್ನಿಗೆ, ಬ್ಯಾಚ್ ಸಂಖ್ಯೆ, ಮುಗಿಯುವ ದಿನಾಂಕ, ತಯಾರಿಕೆ ಅಥವಾ ಆಮದಿನ ಲೈಸೆನ್ಸ್ ಇಲ್ಲವೇ ನೋಂದಣಿ ಸಂಖ್ಯೆ. "ಪ್ರೊಫಿ ಪೌಡರ್, ಲೆಮನ್ ಫ್ಲೇವರ್" ಎಂದಷ್ಟೇ ಬರೆದು ಕಣದ ಗಾತ್ರ ಬರೆಯದ ಡಬ್ಬಿ ಎಷ್ಟೇ ಅಗ್ಗವಾದರೂ ವಾಪಸ್ ಕಳಿಸಿ.

ಎರಡು ತಪ್ಪಿನ ಬಗ್ಗೆ ಬಿಡಿಸಿ ಹೇಳಲೇಬೇಕು. ಒಂದು, ಅಂಗಡಿಯ ಅಡುಗೆ ಸೋಡಾ. ರಾಸಾಯನಿಕ ಹೆಸರು ಒಂದೇ, ಹಾಗಾಗಿ ಹೊಳೆಯುವ ಉಪಾಯ ಇದು. ಬೆರಳ ತುದಿಯಲ್ಲಿ ಚಿಟಿಕೆ ಸೋಡಾ ತಿಕ್ಕಿ ನೋಡಿ, ಹಿಟ್ಟಿನಂತಹ ನುಣುಪಿನ ನಡುವೆ ಅಲ್ಲಲ್ಲಿ ಹರಳು ಚುಚ್ಚುತ್ತದೆ. ಕಣಗಳು ಒಂದೇ ಗಾತ್ರದವಲ್ಲ, ಮೂಲೆಗಳು ಚೂಪು. ಪುಡಿ ಸರಾಗ ಹರಿಯಲೆಂದು ದಂತ ಪುಡಿಗೆ ಬೆರೆಸುವ ಸಿಲಿಕಾದಂತಹ ವಸ್ತು ಇದರಲ್ಲಿಲ್ಲ. ತೇವ ಹೀರಿ ಗಂಟಾಗಿ ನೋಝಲ್ ಕಟ್ಟಿಕೊಳ್ಳುತ್ತದೆ, ಬಿಟ್ಟಾಗ ಒಮ್ಮೆಲೆ ಉಗುಳುತ್ತದೆ. ಆ ಉಗುಳು ಬೀಳುವುದು ಒಸಡಿನ ಮೇಲೆ.

ಎರಡು, ಸ್ಯಾಂಡ್‌ಬ್ಲಾಸ್ಟಿಂಗಿನ ಅಲ್ಯುಮಿನಾ ಪುಡಿ. 27 ಅಥವಾ 50 ಮೈಕ್ರಾನ್ ಎಂದು ಬರೆದಿರುವುದರಿಂದ "ಸಣ್ಣ ಪುಡಿ" ಎಂದು ಸಹಾಯಕರು ತುಂಬಿಬಿಡಬಹುದು. ಅದರ ಗಡಸು 9, ಎನಾಮೆಲ್ಲನ್ನೇ ಕೊರೆಯುತ್ತದೆ. ಅದನ್ನು ಬೇರೆ ಕಪಾಟಿನಲ್ಲಿ, ಕೆಂಪು ಟೇಪ್ ಸುತ್ತಿ ಇಡಿ.

## ಹಂತ 6: ಮೆಷಿನ್ ಮತ್ತು ತೇವ

ದಪ್ಪ ಪುಡಿಯ ಚೇಂಬರಿಗೆ ಸಣ್ಣ ಪುಡಿ ತುಂಬಿದರೆ ಒಮ್ಮೊಮ್ಮೆ ಬರುವುದೇ ಇಲ್ಲ, ಒಮ್ಮೊಮ್ಮೆ ಮೋಡದಂತೆ ಬರುತ್ತದೆ. ಮೆಷಿನ್ ಕೈಪಿಡಿ ಒಪ್ಪಿದ ಪುಡಿಯನ್ನೇ ಬಳಸಿ. ಹಲ್ಲು ಕೊರೆಯುವ ಏರೋಟರಿನ ಗಾಳಿ ಲೈನಿಗೆ ಸಿಕ್ಕಿಸುವ ಕೈ ಉಪಕರಣವಾದರೆ ನಿಮ್ಮ ಛೇರಿನ ಕಪ್ಲಿಂಗ್ ಎರಡು ರಂಧ್ರದ್ದೋ ನಾಲ್ಕು ರಂಧ್ರದ್ದೋ ಎಂದು ಕೊಳ್ಳುವ ಮೊದಲೇ ನೋಡಿ, ಗಾಳಿಯೊತ್ತಡ ಕೈಪಿಡಿಯ ಮಿತಿಯೊಳಗೆ ಇರಲಿ.

ಮಲೆನಾಡು, ಕರಾವಳಿಯ ಕ್ಲಿನಿಕ್ಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಝಲ್ ಕಟ್ಟುವುದಕ್ಕೆ ಪುಡಿಯಷ್ಟೇ ಕಂಪ್ರೆಸರೂ ಕಾರಣ. ಬೆಳಿಗ್ಗೆ ಟ್ಯಾಂಕಿನ ತಳದ ಡ್ರೈನ್ ತೆರೆದು ನೀರು ಬಿಡಿ. ಕೈ ಉಪಕರಣ ಜೋಡಿಸುವ ಮೊದಲು ಗಾಳಿಯ ಲೈನನ್ನು ಟಿಶ್ಯೂ ಪೇಪರಿನ ಮೇಲೆ ಹತ್ತು ಸೆಕೆಂಡ್ ಊದಿ. ಪೇಪರ್ ಒದ್ದೆಯಾದರೆ ಆ ದಿನ ಏರ್ ಪಾಲಿಶಿಂಗ್ ಬೇಡ, ಮೊದಲು ಏರ್ ಫಿಲ್ಟರ್ ನೋಡಿಸಿ.

ಚೇಂಬರನ್ನು ಗುರುತಿನ ಗೆರೆ ದಾಟಿಸಿ ತುಂಬಬೇಡಿ. ಒಳಗೆ ಗಾಳಿ ಸುತ್ತಲು ಜಾಗ ಬೇಕು. ಡಬ್ಬಿ ಓರೆ ಮಾಡಿದಾಗ ಪುಡಿ ಒಣಮರಳಿನಂತೆ ಜಾರಬೇಕು. ಹೆಪ್ಪುಗಟ್ಟಿದ್ದನ್ನು ಚಮಚದಿಂದ ಪುಡಿಮಾಡಿ ಬಳಸಬೇಡಿ, ಎಸೆಯಿರಿ. ಎರಡು ಪುಡಿ ಬೆರೆಸುವುದಂತೂ ಯಾವ ಕಾರಣಕ್ಕೂ ಕೂಡದು.

## ಹಂತ 7: ಹೊಸ ಪುಡಿ ಬಾಯಿಗಿಂತ ಮೊದಲು ಕಿತ್ತ ಹಲ್ಲಿಗೆ

ಕಾಂಪೊಸಿಟ್ ಫಿಲ್ಲಿಂಗ್ ಇರುವ, ಬೇರು ಪೂರ್ತಿಯಿರುವ ಕಿತ್ತ ಹಲ್ಲೊಂದನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದು) ಇಟ್ಟುಕೊಳ್ಳಿ. ಪಾದರಸ ಬೆರೆತ ಅಮಾಲ್ಗಮ್ ತುಂಬಿದ ಹಲ್ಲನ್ನು ಆಟೋಕ್ಲೇವಿಗೆ ಹಾಕಬೇಡಿ, ಪಾದರಸದ ಆವಿ ಏಳುತ್ತದೆ. ಫಿಲ್ಲಿಂಗಿನ ಅರ್ಧ ಮತ್ತು ಬೇರಿನ ಅರ್ಧಕ್ಕೆ ಟೇಪ್ ಅಂಟಿಸಿ, ನಾಲ್ಕು ಮಿಲಿಮೀಟರ್ ದೂರದಿಂದ ಐದು ಸೆಕೆಂಡ್ ಹೊಡೆಯಿರಿ. ಟೇಪ್ ತೆಗೆದು, ತೊಳೆದು, ಒಣಗಿಸಿ, ಲೈಟಿಗೆ ಓರೆಯಾಗಿ ಹಿಡಿಯಿರಿ. ಟೇಪಿದ್ದ ಅರ್ಧ ಮಿನುಗಿ ಉಳಿದರ್ಧ ಮಂಕಾಗಿದ್ದರೆ ಆ ಪುಡಿ ಫಿಲ್ಲಿಂಗಿಗೆ ಅಲ್ಲ. ಬೇರಿನಲ್ಲಿ ಪ್ರೋಬ್ ಎಳೆದಾಗ ಗೆರೆಯ ಬಳಿ ತಟ್ಟನೆ ಕೆಳಗಿಳಿದರೆ ಅದು ಬೇರಿಗೂ ಅಲ್ಲ. ಬ್ರ್ಯಾಂಡ್ ಬದಲಿಸಿದಾಗಲೆಲ್ಲ ಇದನ್ನು ಮಾಡಿ.

## ಹಂತ 8: ಬಾಯಿಯಲ್ಲಿ

ಕಾಂಟ್ಯಾಕ್ಟ್ ಲೆನ್ಸ್ ತೆಗೆಸಿ, ಕನ್ನಡಕ ಹಾಕಿಸಿ, ತುಟಿಗೆ ವ್ಯಾಸಲೀನ್ ಹಚ್ಚಿ. 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ನಿನಿಂದ ಒಂದು ನಿಮಿಷ ಬಾಯಿ ಮುಕ್ಕಳಿಸಲಿ. ಅದು ಒಗ್ಗದವರಿಗೆ ಇದೂ ಬೇಡ, ಬೇರೆ ಮೌತ್‌ವಾಶ್ ಕೊಡಿ.

ಬೈಕಾರ್ಬನೇಟ್ ಆದರೆ ನೋಝಲ್ ಹಲ್ಲಿನಿಂದ 3ರಿಂದ 5 ಮಿಲಿಮೀಟರ್ ದೂರ. ಮುಂದಿನ ಹಲ್ಲಿಗೆ 60 ಡಿಗ್ರಿ, ದವಡೆ ಹಲ್ಲಿನ ಪಕ್ಕಕ್ಕೆ 80, ಅಗಿಯುವ ಮೈಗೆ 90. ತುದಿ ಸದಾ ಒಸಡಿಗೆ ಬೆನ್ನು ಹಾಕಿರಲಿ. ಸಣ್ಣ ಸುತ್ತು ಹಾಕುತ್ತಿರಿ, ಒಂದೇ ಕಡೆ ನಿಲ್ಲಬೇಡಿ. ಹತ್ತಿರ ತಂದರೆ ಬೇಗ ಆಗುತ್ತದೆ ಎಂಬುದು ತಪ್ಪು. ಪುಡಿ ಹಿಂದಕ್ಕೆ ಚಿಮ್ಮಿ ನಿಮ್ಮ ಶೀಲ್ಡ್ ತುಂಬುತ್ತದೆ, ನೀರು ಮತ್ತು ಪುಡಿ ಸರಿಯಾಗಿ ಬೆರೆಯುವುದೂ ಇಲ್ಲ.

ಎರಿಥ್ರಿಟಾಲ್, ಗ್ಲೈಸಿನ್ ಆದರೆ ಒಸಡಿನಂಚಿಗೆ ತಿರುಗಿಸಬಹುದು. 4 ಮಿಲಿಮೀಟರ್‌ವರೆಗಿನ ಪಾಕೆಟಿಗೆ (ಒಸಡು ಮತ್ತು ಹಲ್ಲಿನ ನಡುವಿನ ಸಂದು) ಸಾಮಾನ್ಯ ನೋಝಲ್ ಸಾಕು. ಅದಕ್ಕಿಂತ ಆಳವಾದರೆ ಒಸಡಿನೊಳಗೆ ಹೋಗುವ ಮೆತ್ತನೆಯ ಪ್ಲಾಸ್ಟಿಕ್ ನೋಝಲ್ ಬೇಕು, ಅದು ಒಬ್ಬರಿಗೆ ಒಂದು. ಮೊದಲು ಒಳಗಿಡಿ, ತುಸು ಹಿಂದೆ ಎಳೆಯಿರಿ, ಆಮೇಲೆ ಪೆಡಲ್ ಒತ್ತಿ. ಒಂದು ಜಾಗಕ್ಕೆ 5 ಸೆಕೆಂಡ್, ಹೆಚ್ಚಿಲ್ಲ. ಸಾಮಾನ್ಯ ನೋಝಲ್ಲನ್ನು ಪಾಕೆಟಿನೊಳಗೆ ತೂರಿಸುವುದು ಎಲ್ಲಕ್ಕಿಂತ ಅಪಾಯದ ತಪ್ಪು.

## ಹಂತ 9: ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಫಿಲ್ಲಿಂಗ್ ಮೇಲೆ ಬೂದುಬಣ್ಣದ ಮಂಕು, ಬೇರಿನಲ್ಲಿ ಚುರುಕ್ಕೆನ್ನುವ ನೋವು, ಒಸಡಿನ ಮೇಲೆ ಬೆಳ್ಳಗೆ ತರಚಿದ ಗುರುತು, ಪುಡಿ ಬಿಟ್ಟು ಬಿಟ್ಟು ಉಗುಳುವುದು. ಇವು ಕಂಡರೆ ನಿಲ್ಲಿಸಿ, ಪುಡಿ ಮತ್ತು ನೋಝಲ್ ಎರಡನ್ನೂ ನೋಡಿ.

ಕೆನ್ನೆಯೋ ಕಣ್ಣಿನ ಕೆಳಗೋ ಕುತ್ತಿಗೆಯೋ ಕೆಲಸದ ನಡುವೆಯೇ ಹಠಾತ್ತನೆ ಊದಿಕೊಂಡರೆ ಅಲರ್ಜಿ ಎಂದು ಮಾತ್ರೆ ಕೊಟ್ಟು ಕಳಿಸಬೇಡಿ. ಮೊದಲು ಬೆರಳಿಂದ ಮೆಲ್ಲಗೆ ಒತ್ತಿ. ಚರ್ಮದಡಿ ಚಟಚಟ ಎಂದು ಸಣ್ಣ ಗುಳ್ಳೆ ಒಡೆದಂತಾದರೆ ಅದು ಗಾಳಿ. ಒಸಡಿನ ಸೀಳಿನಿಂದ ಒತ್ತಡದ ಗಾಳಿ ಚರ್ಮದ ಕೆಳಗೆ ನುಗ್ಗಿದೆ, ಎಂಫಿಸೀಮಾ. ಗಾಳಿಯ ಉಪಕರಣವೆಲ್ಲ ಬಂದ್. ಮೂಗು ಊದಿ ಸಿಂಬಳ ತೆಗೆಯಬಾರದು, ಜೋರಾಗಿ ಉಗುಳಬಾರದು. ಉಸಿರು ಕಟ್ಟಿದಂತೆ, ಎದೆ ನೋವು, ನುಂಗಲು ಕಷ್ಟ, ದನಿ ಬದಲಾಗಿದೆ, ಊತ ಕುತ್ತಿಗೆಗಿಳಿದಿದೆ, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ. ಗಾಳಿ ಎದೆಗೂಡಿನವರೆಗೆ ಇಳಿದಿರಬಹುದು. ಪುಡಿ ಮತ್ತು ಬಾಯಿಯ ಬ್ಯಾಕ್ಟೀರಿಯಾ ಗಾಳಿಯ ಜೊತೆ ಒಳಹೋಗಿರುವುದರಿಂದ ಆ್ಯಂಟಿಬಯಾಟಿಕ್ ಬೇಕೇ ಎಂದೂ ನಿರ್ಧರಿಸಬೇಕಾಗುತ್ತದೆ. ಬಹುತೇಕ ಊತಗಳು ಕೆಲವೇ ದಿನದಲ್ಲಿ ತಾನಾಗಿ ಇಳಿಯುತ್ತವೆ, ಆದರೂ ಅಷ್ಟು ದಿನ ರೋಗಿ ನಿಮ್ಮ ಕಣ್ಣಳತೆಯಲ್ಲೇ ಇರಲಿ.

ಚಟಚಟ ಇಲ್ಲದೆ ಮೈ ತುರಿಕೆ, ದದ್ದು, ಏದುಸಿರು ಇದ್ದರೆ ಅದು ಅಲರ್ಜಿಯೇ. ಅಡ್ರಿನಲಿನ್ ಇರುವ ತುರ್ತು ಟ್ರೇ ಕೈಯಳತೆಯಲ್ಲಿರಬೇಕು, ಬೀಗ ಹಾಕಿದ ಕಪಾಟಿನಲ್ಲಿ ಅಲ್ಲ.

## ಹಂತ 10: ಕಳಿಸುವ ಮುನ್ನ, ಮುಚ್ಚುವ ಮುನ್ನ

ಚೆನ್ನಾಗಿ ತೊಳೆದು, ಗಾರೆ ಉಳಿದಿದೆಯೇ ಎಂದು ಇನ್ನೊಮ್ಮೆ ನೋಡಿ. ಬೇರು ತೆರೆದಿದ್ದರೆ 5 ಶೇಕಡಾ ಸೋಡಿಯಂ ಫ್ಲೋರೈಡ್ ವಾರ್ನಿಶ್ ಹಚ್ಚಿ. ಹಲ್ಲಿನ ಮೇಲಿನ ಲಾಲಾರಸದ ತೆಳುಪೊರೆಯೂ ಹೋಗಿರುವುದರಿಂದ ಎರಡು ಮೂರು ಗಂಟೆ ಕಾಫಿ, ಟೀ, ಎಲೆಅಡಿಕೆ, ಬೀಡಿ, ಅರಿಶಿನ ಹೆಚ್ಚಾದ ಸಾರು ಬೇಡ. ಮಧ್ಯಾಹ್ನ ಕ್ಲೀನಿಂಗ್ ಮಾಡಿಸಿ ನೇರ ಮದುವೆ ಊಟಕ್ಕೆ ಹೋಗುವವರಿಗೆ ಇದನ್ನು ಎರಡು ಸಲ ಹೇಳಿ.

ಸಂಜೆ ಚೇಂಬರಿನ ಒತ್ತಡ ಇಳಿಸಿ, ಉಳಿದ ಪುಡಿ ಚೆಲ್ಲಿ, ಬರೀ ಗಾಳಿ ಊದಿ ಒಳಗೆ ಒಣಗಿಸಿ. ನೋಝಲ್ಲಿಗೆ ಅದರ ಜೊತೆ ಬಂದ ತಂತಿ ತೂರಿಸಿ, ತೊಳೆದು, ಆಟೋಕ್ಲೇವ್ ಮಾಡಿ, ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ. ಕೇಸ್ ಶೀಟಿನಲ್ಲಿ ಪುಡಿಯ ಹೆಸರು, ಕಣದ ಗಾತ್ರ, ಬ್ಯಾಚ್ ಸಂಖ್ಯೆ ಬರೆದಿಡಿ. ಆರು ತಿಂಗಳ ನಂತರ ಅದೇ ರೋಗಿ ಬಂದಾಗ ಮೂರನೆಯ ಹಂತದ ನಕ್ಷೆಯ ಪಕ್ಕ ಇದನ್ನಿಟ್ಟು ನೋಡಿದರೆ ಯಾವ ಫಿಲ್ಲಿಂಗ್ ಯಾವ ಪುಡಿಗೆ ಮಂಕಾಯಿತು ಎಂಬುದು ನಿಮಗೇ ತಿಳಿಯುತ್ತದೆ.